ಬಲ ಅಂಚು ಸವೆದ ಚಮಚ

ನಮ್ಮ ಮನೆಗೆ ಮೊದಲ ಸಲ ಬಂದವರು ಸೋಫಾದಲ್ಲಿ ಕೂತು, ನೀರು ಕುಡಿದು, ಕಿಟಕಿಯಾಚೆಯ ನೋಟವನ್ನು ಎರಡು ಮಾತಿನಲ್ಲಿ ಹೊಗಳಿ, ಆಮೇಲೆ ಗೋಡೆಯ ಕಡೆ ಕೈ ತೋರಿಸುತ್ತಾರೆ. ಹಜಾರದ ಗೋಡೆಯಲ್ಲಿ ಎದೆಯೆತ್ತರಕ್ಕೆ ಒಂದು ಗೂಡಿದೆ. ಮುಂದೆ ಗಾಜಿನ ಬಾಗಿಲು, ಒಳಗೆ ಕಡುನೀಲಿ ಮಖಮಲ್ಲು, ಮೇಲಿನಿಂದ ಬೀಳುವ ಹಳದಿ ಬೆಳಕು. ಬೆಳಕು ಬೀಳುವ ಜಾಗದಲ್ಲಿ ಏನೂ ಇಲ್ಲ. ಮಖಮಲ್ಲಿನ ಮೇಲೆ ಗೇಣುದ್ದದ ಒಂದು ಗುರುತು ಮಾತ್ರ, ಏನೋ ಬಹಳ ದಿನ ಅಲ್ಲಿ ಮಲಗಿ ಎದ್ದುಹೋದ ಹಾಗೆ.

"ಕಳ್ಳತನ ಆಯ್ತಾ?" ಅಂತ ಒಬ್ಬರು ಕೇಳಿದ್ದರು. ಇನ್ನೊಬ್ಬರು, ಕಲೆ ಗೊತ್ತಿರುವವರು, ತಲೆ ಓರೆ ಮಾಡಿ ಬಹಳ ಹೊತ್ತು ನೋಡಿ, "ಶೂನ್ಯ! ಧೈರ್ಯದ ಕೆಲಸ" ಅಂದರು. ನಾನು ಇಬ್ಬರ ಮಾತನ್ನೂ ಅಲ್ಲಗಳೆಯಲಿಲ್ಲ. ನನ್ನ ಮಗಳು ಅನು ಮಾತ್ರ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಾಳೆ: "ಅಲ್ಲಿ ಒಂದು ಚಮಚ ಇತ್ತು. ಊಟಕ್ಕೆ ಹೋಗಿದೆ."

ಆ ಚಮಚದ ಕತೆಯನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಬಹಳ ಚೆನ್ನಾಗಿಯೇ ಹೇಳುತ್ತಿದ್ದೆ. ಒಂದೇ ತೊಂದರೆ, ಅದು ನಿಜವಾಗಿರಲಿಲ್ಲ. ಈಗ ಬರೆಯುತ್ತಿರುವುದು ನಿಜವೇ ಅಂತ ಕೇಳಿದರೆ, ಮೊದಲಿನದಕ್ಕಿಂತ ಕಡಿಮೆ ಸುಳ್ಳು ಅನ್ನಬಲ್ಲೆ.

ಮುಂದೆ ಹೋಗುವ ಮೊದಲು ಒಂದು ಮಾತು. ನಾನು ಶ್ರೀಮಂತ. ಈ ಎರಡು ಪದದ ವಾಕ್ಯ ಬರೆಯಲಿಕ್ಕೆ ನನಗೆ ಒಂದು ಇಡೀ ಬೆಳಗ್ಗೆ ಹಿಡಿಯಿತು. ನಮ್ಮಲ್ಲಿ ಯಾರೂ ಹೀಗೆ ಹೇಳಿಕೊಳ್ಳುವುದಿಲ್ಲ. "ಏನೋ, ದೇವರು ಒಂದು ಮಟ್ಟಕ್ಕೆ ಇಟ್ಟಿದ್ದಾನೆ" ಅನ್ನಬೇಕು. ಮೂರು ಕಾರಿದ್ದವನೂ ಹಾಗೇ ಅನ್ನುತ್ತಾನೆ, ಬಸ್ಸಿಗೆ ಕಾಯುವವನೂ ಹಾಗೇ ಅನ್ನುತ್ತಾನೆ. ದೇವರಿಗೇ ಗೊಂದಲವಾಗಬೇಕು. ಇನ್ನೊಂದು ಮಾತೂ ಚಾಲ್ತಿಯಲ್ಲಿದೆ, ಬಡತನದಲ್ಲೇ ಸುಖವಿತ್ತು ಅನ್ನುವುದು. ಅದನ್ನು ನಾನು ಹೇಳುವವನಲ್ಲ. ಖಿದಿರ್‌ಪುರದ ಹಡಗುಕಟ್ಟೆಯ ಗೇಟಿನೆದುರು, ಊರು ಬಿಟ್ಟು ಬಂಗಾಳಕ್ಕೆ ಬಂದ ನನ್ನ ಅಪ್ಪ ಎಂಟು ಮೇಜಿನ ಹೋಟೆಲು ನಡೆಸುತ್ತಿದ್ದರು. ಅದರ ಮೇಲಿನ ಒಂದೇ ಕೋಣೆಯಲ್ಲಿ ಅಪ್ಪ, ಅಮ್ಮ, ವಾರಿಜಕ್ಕ ಮತ್ತು ನಾನು ಬೆಳೆದೆವು. ನಾನು, ಅಕ್ಕ ಬೆಳೆದೆವು. ಅಪ್ಪ, ಅಮ್ಮ ಸವೆದರು. ಕೆಳಗಿನ ಒಲೆಯ ಬಿಸಿ ನೆಲದ ಮೂಲಕ ಬೆನ್ನಿಗೆ ತಾಗುತ್ತಿತ್ತು. ಈಗ ನನಗೆ ಎ.ಸಿ. ಇದೆ. ಎ.ಸಿ. ಒಳ್ಳೆಯದು. ಇದರಲ್ಲಿ ತತ್ವ ಏನೂ ಇಲ್ಲ.

ದುಡ್ಡು ಬಂದದ್ದು ಇಡ್ಲಿಯಿಂದ. ಎರಡು ಸಾವಿರದ ಇಸವಿ ದಾಟುತ್ತಿದ್ದ ಹಾಗೆ ಊರಿನ ಪೂರ್ವಕ್ಕೆ, ಸೆಕ್ಟರ್ ಫೈವಿನಲ್ಲಿ, ಗಾಜಿನ ಕಟ್ಟಡಗಳು ಎದ್ದವು. ಅವುಗಳೊಳಗೆ ಕಂಪ್ಯೂಟರಿನ ಮುಂದೆ ಕೂರುವ ಸಾವಿರಾರು ಜನ. ಆಂಧ್ರದವರು, ಒಡಿಶಾದವರು, ಬಿಹಾರದವರು, ಬಂಗಾಳಿಗಳು. ಒಬ್ಬರಿಗೆ ಮೀನು ಬೇಕು, ಒಬ್ಬರಿಗೆ ಮೀನಿನ ವಾಸನೆಯೇ ಆಗದು. ಒಬ್ಬರಿಗೆ ಖಾರ, ಒಬ್ಬರಿಗೆ ಸಿಹಿ. ಅವರೆಲ್ಲರೂ ಸುಮ್ಮನೆ ತಿನ್ನುವ ಒಂದೇ ವಸ್ತು ಇಡ್ಲಿ ಅಂತ ನಾನು ಪತ್ತೆ ಹಚ್ಚಿದೆ. ಅದು ಯಾರಿಗೂ ಪ್ರಾಣವಲ್ಲ, ಆದರೆ ಯಾರೂ ಅದರ ಮೇಲೆ ದೂರು ಬರೆಯುವುದಿಲ್ಲ. ಒಂದು ಕಟ್ಟಡದ ಕ್ಯಾಂಟೀನು ಸಿಕ್ಕಿತು, ಆಮೇಲೆ ಪಕ್ಕದ್ದು, ಆಮೇಲೆ ಸಾಲಾಗಿ. ನನ್ನ ಏಳಿಗೆಯ ಗುಟ್ಟು ಇಷ್ಟೇ: ದೂರು ಬಾರದ ತಿಂಡಿ.

ಶ್ರೀಮಂತನಾದ ಮೇಲೆ ಮೊದಲು ಸುಧಾರಿಸಿದ್ದು ನನ್ನ ಹಾಸ್ಯ. ಅದೇ ಹಳೆಯ ಜೋಕುಗಳು. ಮೊದಲು ಹೇಳಿದಾಗ ಜನ ಗಡಿಯಾರ ನೋಡುತ್ತಿದ್ದರು, ಈಗ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಕನ್ನಡ ಸಂಘದ ಸಭೆಯಲ್ಲಿ ನಾನು ಕೆಮ್ಮಿದರೂ ಇಬ್ಬರು ನಕ್ಕದ್ದುಂಟು. ಎರಡನೆಯದಾಗಿ ಸುಧಾರಿಸಿದ್ದು ನಮ್ಮ ಜಗಳ. ನನ್ನ ಹೆಂಡತಿ ಪ್ರಮೀಳಾ ಮೊದಲೆಲ್ಲ ದನಿಯೆತ್ತಿ ಜಗಳವಾಡುತ್ತಿದ್ದಳು. ಈಗ ಮನೆಯಲ್ಲಿ ಕೆಲಸಕ್ಕೆ ಮೂವರು. ಅವರಿಗೆ ಕನ್ನಡ ಬಾರದು, ಆದರೆ ಜಗಳ ಅರ್ಥವಾಗಲಿಕ್ಕೆ ಭಾಷೆ ಬೇಡವಲ್ಲ. ಹಾಗಾಗಿ ನಾವು ನಗುನಗುತ್ತಾ ಜಗಳವಾಡಲು ಕಲಿತೆವು. "ನಿಮ್ಮಂಥ ಮೂರ್ಖರನ್ನು ನಾನು ಹುಟ್ಟಿದ ಮೇಲೆ ಕಂಡದ್ದಿಲ್ಲ, ಗೊತ್ತುಂಟಾ?" ಅಂತ ಪ್ರಮೀಳಾ ಹಲ್ಲು ಕಾಣಿಸುತ್ತಾ ಹೇಳುತ್ತಾಳೆ. ಅಡುಗೆಯ ಮಾಶಿ ಅದನ್ನು ಕೇಳಿ, ನಮ್ಮ ದಾದಾ-ಬೌದಿಯದ್ದು, ಅಣ್ಣ-ಅತ್ತಿಗೆಯದ್ದು, ಎಂಥ ಪ್ರೀತಿ ಅಂತ ಕೆಳಗಿನ ಫ್ಲ್ಯಾಟಿನಲ್ಲಿ ಹೇಳಿದ್ದಾಳಂತೆ.

ಬ್ಯಾಂಕಿನಿಂದ ಟೈ ಕಟ್ಟಿದ ಒಬ್ಬರು ಬಂದು ನುಣುಪು ಕಾಗದದ ಒಂದು ಪುಸ್ತಿಕೆ ಕೊಟ್ಟು ಹೋಗಿದ್ದರು. ಹೊಸದಾಗಿ ಸಂಪತ್ತು ಬಂದ ಕುಟುಂಬಗಳಿಗೆ ಮಾರ್ಗದರ್ಶನ. ದುಡ್ಡನ್ನು ಎಲ್ಲೆಲ್ಲಿ ಕೂರಿಸಬೇಕು ಅನ್ನುವುದು ಅದರಲ್ಲಿ ಬಣ್ಣದ ಚಿತ್ರಗಳ ಸಮೇತ ಇತ್ತು. ಅಕ್ಕನನ್ನು ಎಲ್ಲಿ ಕೂರಿಸಬೇಕು ಅನ್ನುವುದಕ್ಕೆ ಒಂದು ಪುಟವೂ ಇರಲಿಲ್ಲ. ನಾನು ಎಡವಿದ್ದು ಅಲ್ಲೇ.

ಇದು ಅರ್ಥವಾಗಬೇಕಾದರೆ ನಿಮಗೆ ಹೋಟೆಲಿನವರ ಮನೆಯ ಒಂದು ಪದ್ಧತಿ ಗೊತ್ತಿರಬೇಕು. ಬೇರೆ ಮನೆಗಳಲ್ಲಿ ಹಿರಿಯರು ಮೊದಲು ಉಣ್ಣುತ್ತಾರೆ, ಕಿರಿಯರು ಆಮೇಲೆ, ಅಥವಾ ಗಂಡಸರು ಮೊದಲು, ಹೆಂಗಸರು ಆಮೇಲೆ. ನಮ್ಮಲ್ಲಿ ಲೆಕ್ಕವೇ ಬೇರೆ. ಮೊದಲು ಉಣ್ಣುವವರು ಗಿರಾಕಿಗಳು. ಆಮೇಲೆ ಕೆಲಸದವರು. ಅವರೆಲ್ಲ ಕೈತೊಳೆದು, ಮೇಜು ಒರೆಸಿ, ಮುಂದಿನ ಬಾಗಿಲು ಅರ್ಧ ಎಳೆದ ಮೇಲೆ ಮನೆಯವರು, ಅಡುಗೆಮನೆಯಲ್ಲಿ, ಪಾತ್ರೆಯಲ್ಲಿ ಏನು ಉಳಿದಿದೆಯೋ ಅದನ್ನು. ಇದು ಕಷ್ಟ ಅಂತ ತಿಳಿಯಬೇಡಿ. ಸಾಂಬಾರಿನ ಬೇಳೆಯೆಲ್ಲ ಇಳಿದು ಕೂತಿರುವುದು ತಳದಲ್ಲೇ. ಸಜ್ಜಿಗೆ, ಅಂದರೆ ನೀವು ಉಪ್ಪಿಟ್ಟು ಅನ್ನುವುದು, ಅಡಿ ಹಿಡಿದು ಕೆಂಪಗೆ ಗರಿಗರಿಯಾಗಿರುತ್ತದೆ. ಅದನ್ನು ಕೆರೆದು ತಿಂದವರಿಗೇ ಗೊತ್ತು ಅದರ ರುಚಿ. ಹೀಗಾಗಿ ನಮ್ಮಲ್ಲಿ ಯಾರು ಮನೆಯವರು, ಯಾರು ಹೊರಗಿನವರು ಅಂತ ಬಾಯಿಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ. ಯಾರು ಯಾವಾಗ ಉಣ್ಣುತ್ತಾರೆ ಅಂತ ನೋಡಿದರೆ ಸಾಕು. ಕೆರೆಯಲಿಕ್ಕೆ ಒಂದು ಉದ್ದದ ಹಿತ್ತಾಳೆ ಚಮಚ ಇತ್ತು. ಅದೇ ಈ ಚಮಚ.

ವಾರಿಜಕ್ಕನನ್ನು ಕೊಟ್ಟದ್ದು ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದ ವಾಸು ಭಾವನಿಗೆ. ನಮ್ಮ ಹೋಟೆಲಿನ ಗಿರಾಕಿ ಅವರು; ದಿನಾ ಎರಡು ಇಡ್ಲಿ ತಿನ್ನುತ್ತಾ ಅಳಿಯನಾದವರು. ಬೆಹಾಲಾದ ಒಂದು ಓಣಿಯಲ್ಲಿ ಅವರದ್ದು ಚಿಕ್ಕ ಫ್ಲ್ಯಾಟು. ಮಕ್ಕಳಾಗಲಿಲ್ಲ. ಅನು ಹುಟ್ಟಿದ ಮೇಲೆ ಅಕ್ಕ ವಾರಕ್ಕೆರಡು ದಿನ ನಮ್ಮಲ್ಲೇ. ಪ್ರತಿ ಚೌತಿಗೆ ಬೆಳಗ್ಗೆಯೇ ಬರುತ್ತಿದ್ದಳು, ಒಂದು ಚೀಲ ಹಲಸಿನ ಎಲೆಯೊಂದಿಗೆ. ಅವಳ ಪಕ್ಕದ ಮನೆಯ ಬಂಗಾಳಿ ಅಜ್ಜಿಯ ಹಿತ್ತಲಲ್ಲಿ ಹಲಸಿನ ಮರ ಇತ್ತು. ನಾಲ್ಕು ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ದೊನ್ನೆಯ ಹಾಗೆ ಕೊಟ್ಟೆ ಕಟ್ಟಿ, ಅದರಲ್ಲಿ ಹಿಟ್ಟು ಹೊಯ್ದು ಬೇಯಿಸಿದರೆ ಅದು ನಮ್ಮ ಕಡೆಯ ಕಡುಬು. ಅಕ್ಕ ಕಟ್ಟಿದಷ್ಟು ಬಿಗಿಯಾದ ಕೊಟ್ಟೆ ಇನ್ಯಾರೂ ಕಟ್ಟುತ್ತಿರಲಿಲ್ಲ. ಅವಳು ಅರ್ಧ ಕಟ್ಟಿ ಎದ್ದುಹೋದದ್ದನ್ನು ಬೇರೆಯವರು ಮುಗಿಸಲಿಕ್ಕೂ ಆಗುತ್ತಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಈಗ ಈ ಹೊಸ ಮನೆಯ ಗೃಹಪ್ರವೇಶ. ಮೇಲಿನ ತಾರಸಿಯಲ್ಲಿ ಚಪ್ಪರ, ಬಾಳೆಯೆಲೆ, ಬಡಿಸಲಿಕ್ಕೆ ನಮ್ಮ ಕ್ಯಾಂಟೀನಿನವರು, ಅವರ ಕುತ್ತಿಗೆಗೆ ಕಪ್ಪು ಬೋ ಟೈ. ವಿಡಿಯೋದವರ ಕಣ್ಣು ಕುಕ್ಕುವ ದೀಪ. ಬೆಳಗ್ಗೆ ಅಕ್ಕ ಬಂದವಳೇ ಸೆರಗು ಸಿಕ್ಕಿಸಿ ಅಡುಗೆಮನೆಗೆ ನುಗ್ಗಿದ್ದಳು.

"ಅಕ್ಕಾ, ಇವತ್ತು ನೀನು ಕಡ್ಡಿ ಎತ್ತಿ ಇಡಕೂಡದು" ಅಂದೆ.

"ಕೋಸಂಬರಿಗೆ ಒಗ್ಗರಣೆ ಆಗ್ಲಿಲ್ಲ ಮಾರಾಯ."

"ಅದಕ್ಕೆಲ್ಲ ಜನ ಇದ್ದಾರೆ. ಬಾ."

ಕೈಹಿಡಿದು ಕರೆದೊಯ್ದು, ಮೊದಲ ಪಂಕ್ತಿಯ ನಟ್ಟನಡುವೆ, ನಮ್ಮ ಕ್ಯಾಂಟೀನಿರುವ ಕಂಪನಿಗಳ ದೊಡ್ಡವರ ಪಕ್ಕದಲ್ಲಿ ಕೂರಿಸಿದೆ. ಜೀವನಪೂರ್ತಿ ಕೊನೆಗೆ ಉಂಡವಳು ಇವತ್ತು ಮೊದಲು ಉಣ್ಣಲಿ ಅಂತ. ನನ್ನ ನೆನಪಿನ ಪ್ರಕಾರ ಅಕ್ಕ ನಕ್ಕಳು, ಕಣ್ಣೊರೆಸಿಕೊಂಡಳು. ಪ್ರಮೀಳಾಳ ಪ್ರಕಾರ ಅಕ್ಕ "ಹೋ, ಹಾಗಾ" ಅಂದು, ಸಿಕ್ಕಿಸಿದ ಸೆರಗನ್ನು ಬಿಚ್ಚಿ ಹೊದ್ದುಕೊಂಡಳು, ಅಷ್ಟೇ. ಯಾರ ನೆನಪು ಸರಿ ಅಂತ ಆಮೇಲೆ ಹೇಳುತ್ತೇನೆ.

ಅಂದಿನಿಂದ ಅಕ್ಕ ಬರಲಿಲ್ಲ.

ಜಗಳವಿಲ್ಲ, ಮುನಿಸಿಲ್ಲ. ಫೋನು ಮಾಡಿದರೆ ಎತ್ತುತ್ತಾಳೆ. "ಭಾವನಿಗೆ ಕಾಲುನೋವು ನಾಗೇಶ." "ನಂಗೆ ಪುರುಸೊತ್ತಿಲ್ಲ ನಾಗೇಶ." "ನೀವೆಲ್ಲ ಚೆನ್ನಾಗಿ ಹಬ್ಬ ಮಾಡಿ ನಾಗೇಶ." ಹುಟ್ಟಿದಂದಿನಿಂದ ನಾನು ಅವಳಿಗೆ ನಾಗು. ಪೂರ್ತಿ ಹೆಸರು ಕೇಳಿದಾಗೆಲ್ಲ ಯಾವುದೋ ಕಚೇರಿಯಲ್ಲಿ ನನ್ನ ಸರದಿ ಬಂದ ಹಾಗೆ ಆಗುತ್ತಿತ್ತು. ನಾನು ಮಾಡಿದ್ದೇನು? ಶ್ರೀಮಂತರು ಮಾಡುವುದನ್ನೇ. ವಾಷಿಂಗ್ ಮೆಷಿನ್ ಕಳಿಸಿದೆ. ಅದು ಬಾಗಿಲಿನಿಂದಲೇ ತಿರುಗಿ ಬಂತು. "ಇಡ್ಲಿಕ್ಕೆ ಜಾಗ ಇಲ್ಲ ನಾಗೇಶ." ಒಂದು ಚೌತಿ ಹೋಯಿತು. ಹಲಸಿನ ಎಲೆಯಿಲ್ಲದೆ ನಮ್ಮ ಅಡುಗೆಯವರು ಸ್ಟೀಲಿನ ಲೋಟದಲ್ಲಿ ಕಡುಬು ಬೇಯಿಸಿದರು. ಆಕಾರ ಸರಿಯಾಗಿತ್ತು.

ಅನುವಿಗೆ ಆಗ ಹತ್ತು. ಕನ್ನಡ ಪೂರ್ತಿ ಅರ್ಥವಾಗುತ್ತದೆ. ಬಾಯಿಗೆ ಬರುವಾಗ ದಾರಿಯಲ್ಲಿ ಇಂಗ್ಲಿಷೂ ಹಿಂದಿಯೂ ಹತ್ತಿಕೊಳ್ಳುತ್ತವೆ.

"ಅಪ್ಪಾ, ಅತ್ತೆ ಯಾಕೆ ಬರಲ್ಲ? ಡಿಡ್ ಯೂ ಫೈಟ್?"

"ಇಲ್ಲಮ್ಮ."

"ದೆನ್ ಫೈಟ್ ಕರೋ ನಾ. ಜಗಳ ಮಾಡಿದ್ರೆ ಬರ್ತಾರೆ. ಮಮ್ಮಿ ಮುನಿಸ್ಕೊಂಡ್ರೆ ಹಾಗೇ ರೂಮಿಂದ ಹೊರಗೆ ಬರ್ತಾಳಲ್ಲ."

ಗೂಡು ಬಂದದ್ದು ಆ ನಡುವೆ. ಮನೆಯ ಒಳಾಂಗಣ ಮಾಡಿದ ಮಿತಾಲಿ ಅನ್ನುವವರು, ಗೋಡೆ ಖಾಲಿ ಕಾಣುತ್ತಿದೆ, ಕುಟುಂಬದ ಹಳೆಯ ವಸ್ತು ಏನಾದರೂ ಇದೆಯೇ ಅಂತ ಕೇಳಿದರು. ಖಿದಿರ್‌ಪುರದ ಹೋಟೆಲು ಮುಚ್ಚಿದಾಗ ತಂದಿಟ್ಟ ಡಬ್ಬದಲ್ಲಿ ಚಮಚ ಸಿಕ್ಕಿತು. ಒಂದು ಅಂಚು ಸವೆದು ಸವೆದು ಚಪ್ಪಟೆಯಾಗಿ, ದುಂಡಗಿನ ಬಾಯಿ ಅರ್ಧಚಂದ್ರವಾಗಿತ್ತು. ಮಿತಾಲಿ ಅದನ್ನು ಎರಡು ಕೈಯಲ್ಲಿ ಹಿಡಿದು, "ಇದರ ಕತೆ ಏನು?" ಅಂದರು. ನಾನು ಯೋಚಿಸದೆ ಹೇಳಿಬಿಟ್ಟೆ: "ನಾನು ಕೊನೆಗೆ ಉಣ್ಣುತ್ತಿದ್ದೆ. ಪಾತ್ರೆಯ ತಳ ಕೆರೆದು. ಸವೆದದ್ದು ನನ್ನ ಕೈಯಲ್ಲಿ."

ಅದು ಬಾಯಿಂದ ಬಿದ್ದ ಕ್ಷಣದಲ್ಲಿ ಸುಳ್ಳು ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿತ್ತೋ ಏನೋ. ಕತೆ ದಿನೇ ದಿನೇ ಬೆಳೆಯಿತು. ಮೊದಲು ಅದರಲ್ಲಿ ಅಕ್ಕನೂ ಇದ್ದಳು ಅಂತ ನನ್ನ ಅನುಮಾನ. ಹೇಳುತ್ತಾ ಹೇಳುತ್ತಾ ಜಾಗ ಸಾಲದೆ ಅವಳು ಹೊರಗೆ ಹೋದಳು. ಊರಂಚಿನ ಜೋಕಾ ಅನ್ನುವಲ್ಲಿ ಮ್ಯಾನೇಜ್‌ಮೆಂಟ್ ಓದುವ ಮಕ್ಕಳಿಗೆ ಭಾಷಣ ಮಾಡಲು ಕರೆದಾಗ ಇದನ್ನೇ ಹೇಳಿದೆ. ಎದ್ದುನಿಂತು ಚಪ್ಪಾಳೆ ತಟ್ಟಿದರು. ಜೋಕಾಕ್ಕೆ ಹೋಗುವ ದಾರಿ ಬೆಹಾಲಾದ ಮೂಲಕವೇ. ಹೋಗುವಾಗಲೂ ಬರುವಾಗಲೂ ಕಾರು ಅಕ್ಕನ ಓಣಿಯ ಬಾಯಿ ದಾಟಿತು. ಹೋಗುವಾಗ ತಡವಾಗಿತ್ತು. ಬರುವಾಗ ಚಪ್ಪಾಳೆ ಕಿವಿಯಲ್ಲಿತ್ತು.

ಎರಡನೆಯ ಮಳೆಗಾಲದಲ್ಲಿ ಮರ ಉಬ್ಬಿ ಗೂಡಿನ ಬಾಗಿಲು ಸಿಕ್ಕಿಹಾಕಿಕೊಂಡಿತು. ಅದನ್ನು ಮಾಡಿದ ಬಡಗಿ ನಿತಾಯ್‌ದಾ ಬಂದರು. ಅರವತ್ತು ದಾಟಿದವರು, ಮಾತು ಕಡಿಮೆ. ಬಾಗಿಲು ಕೀಳುವ ಮೊದಲು ಚಮಚ ತೆಗೆದು, ಬೆಳಕಿಗೆ ಹಿಡಿದು ತಿರುಗಿಸಿದರು.

"ಯಾರದ್ದು ಇದು?"

"ನನ್ನದೇ." ನಾನು ಕತೆ ಶುರುಮಾಡಿದೆ.

ಅವರು ಪೂರ್ತಿ ಕೇಳಲಿಲ್ಲ. ಚಮಚವನ್ನು ನನ್ನ ಬಲಗೈಗೆ ಕೊಟ್ಟು, ಗೋಂದಿನ ಡಬ್ಬಿಯನ್ನು ಮುಂದೆ ಹಿಡಿದರು. "ತಳ ಕೆರೆದು ತೋರಿಸಿ."

ಕೆರೆದೆ. ತಳಕ್ಕೆ ತಾಗಿದ್ದು ಚಮಚದ ಎಡ ಅಂಚು. ಸವೆದದ್ದು ಬಲ ಅಂಚು.

"ಬಲಗೈಯಲ್ಲಿ ಕೆರೆದರೆ ಈ ಬದಿ ಸವೆಯಬೇಕು ದಾದಾ. ಇದು ಎಡಗೈಯವರ ಚಮಚ" ಅಂದರು. "ನಲವತ್ತು ವರ್ಷ ಉಳಿ ಮಸೆದಿದ್ದೇನೆ. ಯಾರ ಉಳಿ ಯಾರದ್ದು ಅಂತ ಸವೆದದ್ದು ನೋಡಿದರೆ ಗೊತ್ತಾಗುತ್ತದೆ." ಅಷ್ಟು ಹೇಳಿ ಅವರು ಬಾಗಿಲು ಹೆರೆಯಲು ಕೂತರು.

ನಮ್ಮ ಮನೆಯಲ್ಲಿ ಎಡಗೈಯವರು ಯಾರೂ ಇಲ್ಲ. ಅಪ್ಪ ಅಲ್ಲ, ಅಮ್ಮ ಅಲ್ಲ, ನಾನಲ್ಲ. ಅಕ್ಕ ಬರೆಯುವುದೂ ಉಣ್ಣುವುದೂ ಬಲಗೈಯಲ್ಲೇ. ಹಾಗಂತ ನಿತಾಯ್‌ದಾಗೆ ಹೇಳಲು ಬಾಯಿ ತೆರೆದವನು ಕೊಟ್ಟೆಯ ನೆನಪಾಗಿ ನಿಂತೆ. ಅಕ್ಕ ಕಟ್ಟಿದ ಕೊಟ್ಟೆಯನ್ನು ಬೇರೆಯವರು ಯಾಕೆ ಮುಗಿಸಲಾಗುತ್ತಿರಲಿಲ್ಲ? ಎಲೆಯ ಮೇಲೆ ಎಲೆ ಕೂರುವುದು ಎದುರು ದಿಕ್ಕಿಗೆ ಸುತ್ತಿಕೊಂಡು. ಮತ್ತೆ ಅಮ್ಮ ಸೌಟಿನ ಹಿಡಿಯಿಂದ ಅಕ್ಕನ ಮಣಿಕಟ್ಟಿಗೆ ಟಪ್ ಅಂತ ಕೊಡುತ್ತಿದ್ದ ಪೆಟ್ಟು. ಅಕ್ಕ ಕದ್ದು ತಿನ್ನುತ್ತಿದ್ದುದಕ್ಕೆ ಆ ಪೆಟ್ಟು ಅಂತ ನಾನು ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದೆ. ಪೆಟ್ಟು ಬೀಳುತ್ತಿದ್ದದ್ದು ಯಾವ ಕೈಗೆ? ಎಡಗೈಗೆ. "ಅನ್ನಕ್ಕೆ ಆ ಕೈ ಹಾಕಬೇಡ, ನಾಲ್ಕು ಜನ ನೋಡುವ ಜಾಗ" ಅಂತ ಅಮ್ಮನ ದನಿ ಕೇಳಿಸಿತು. ಕೇಳಿಸಿತೋ, ಆಗ ಬೇಕಾಗಿತ್ತು ಅಂತ ನಾನೇ ಕಟ್ಟಿದೆನೋ, ಆಣೆ ಮಾಡಿ ಹೇಳಲಾರೆ.

ಹೋಟೆಲಿನಲ್ಲಿ ನಾಲ್ಕು ಜನ ನೋಡದ ಹೊತ್ತು ಒಂದೇ. ಕೊನೆಯ ಹೊತ್ತು. ಮನೆಯವರಾದ ನಾವೂ ಉಂಡು ಎದ್ದುಹೋದ ಮೇಲೆ ಅಡುಗೆಮನೆಯಲ್ಲಿ ಅಕ್ಕ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ಒಳಗಿಂದ ಕೆರೆಯುವ ಸದ್ದು ಬರುತ್ತಿತ್ತು. ಪಾಪ, ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತಾಳೆ ಅಂತ ಅಮ್ಮ ನಿಟ್ಟುಸಿರು ಬಿಡುತ್ತಿದ್ದಳು. ನಾವದನ್ನು ತ್ಯಾಗ ಅಂದುಕೊಂಡಿದ್ದೆವು. ಅದು ಅವಳ ರಜೆಯಾಗಿತ್ತು.

ಗೃಹಪ್ರವೇಶದ ವಿಡಿಯೋ ಡಿಸ್ಕು ತೆಗೆದು ಹಾಕಿದೆ. ಪಂಕ್ತಿಯ ಉದ್ದಕ್ಕೂ ಕ್ಯಾಮೆರಾ ಸರಿಯುತ್ತಾ ಬಂದು ಅಕ್ಕನ ಮೇಲೆ ನಿಲ್ಲುತ್ತದೆ. ನಿಲ್ಲಿಸಲು ಹೇಳಿದವನು ನಾನೇ. ನನ್ನ ದನಿಯೂ ಅದರಲ್ಲಿದೆ. ಅಕ್ಕ ನಗುತ್ತಿಲ್ಲ, ಕಣ್ಣೊರೆಸುತ್ತಿಲ್ಲ. ಬಲಗೈಯ ಬೆರಳ ತುದಿಯಲ್ಲಿ ಅನ್ನವನ್ನು ಹುಷಾರಾಗಿ ಕಲಸಿ, ಪರೀಕ್ಷೆಗೆ ಕೂತವಳ ಹಾಗೆ, ಮೂರು ತುತ್ತು. ಎಡಗೈ ಮಡಿಲಲ್ಲಿ, ಮುಷ್ಟಿ ಕಟ್ಟಿಕೊಂಡು.

ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ, ಹೇಳದೆ ಕೇಳದೆ, ಬೆಹಾಲಾಕ್ಕೆ ಹೋದೆ. ಓಣಿಗೆ ಕಾರು ಹಿಡಿಸುವುದಿಲ್ಲ. ಟ್ರಾಮ್ ಡಿಪೋದ ಹತ್ತಿರ ನಿಲ್ಲಿಸಿ ನಡೆದೆ. ಬಾಗಿಲು ತೆರೆದದ್ದು ವಾಸು ಭಾವ.

"ಬಾ ಬಾ. ಕಾರೆಲ್ಲಿ?"

"ಡಿಪೋ ಹತ್ತಿರ. ನಡೆದು ಬಂದೆ ಭಾವ."

"ಪರವಾಗಿಲ್ಲ, ಇನ್ನೂ ಅಭ್ಯಾಸ ಉಂಟು" ಅಂದು ಅವರು ಒಳಗೆ ಕೂಗಿದರು, "ವಾರಿಜಾ, ದೊಡ್ಡ ಜನ ಬಂದಿದ್ದಾರೆ."

ನಾನು ಅಡುಗೆಮನೆಯ ಕಡೆ ಹೆಜ್ಜೆ ಇಟ್ಟೆ. ಅಕ್ಕ ಸೌಟು ಅಡ್ಡ ಹಿಡಿದಳು. "ಗಿರಾಕಿಗಳು ಒಳಗೆ ಬರ್ಬಾರ್ದು ಸರ್. ಅಲ್ಲಿ ಕೂತ್ಕೊಳ್ಳಿ. ಎ.ಸಿ. ಇಲ್ಲ, ಫ್ಯಾನು ಜೋರು ಮಾಡ್ತೇವೆ."

"ಅಕ್ಕಾ!"

"ಎಲೆ ಇಲ್ಲ ಸರ್, ತಟ್ಟೆ ಆಗ್ಬಹುದಾ?"

ಕೂತೆ. ಅನ್ನ ಬಂತು, ಪೊಟೋಲ್ ಅನ್ನುವ ಇಲ್ಲಿನ ತರಕಾರಿ ಹಾಕಿದ ಹುಳಿ ಬಂತು. ಅಕ್ಕ ಪಕ್ಕದಲ್ಲೇ ನೆಟ್ಟಗೆ ನಿಂತು, ಪ್ರತಿ ತುತ್ತಿಗೂ, "ಔರ್ ಕುಛ್ ಲೇಂಗೇ ಸರ್?" ಅಂತ, ಇನ್ನೇನು ಬಡಿಸಲಿ ಅನ್ನುವ ಹೋಟೆಲಿನ ಹಿಂದಿಯಲ್ಲಿ, ಕೇಳಿದಳು. ಎದುರಿಗೆ ಭಾವ ಪೇಪರು ಅಡ್ಡ ಹಿಡಿದಿದ್ದರು, ಪೇಪರು ಅಲುಗುತ್ತಿತ್ತು. ಅದೇ ಹುಳಿ, ನಾನು ಹುಟ್ಟಿದಾಗಿನಿಂದ ತಿಂದದ್ದು, ಅರ್ಧಕ್ಕೇ ಬಿಟ್ಟು ತಟ್ಟೆ ಸರಿಸಿದೆ.

"ಹೇಗಾಗ್ತದೆ ಈಗ?" ಅಂತ ಕೊನೆಗೆ ಕೇಳಿದಳು.

"ಗೊತ್ತಾಯ್ತು" ಅಂದೆ. ಚೀಲದಿಂದ ಚಮಚ ತೆಗೆದೆ. ಮಿತಾಲಿ ಕೊಟ್ಟಿದ್ದ ಮಖಮಲ್ಲಿನ ಪೆಟ್ಟಿಗೆಯಲ್ಲೇ ತಂದಿದ್ದೆ, ಬುದ್ಧಿವಂತ ನಾನು.

"ಇದೆಂತ, ಬಂಗಾರವಾ?" ಅಂದು ಅಕ್ಕ ಪೆಟ್ಟಿಗೆ ತೆರೆದಳು. ಚಮಚವನ್ನು ಎತ್ತಿದ್ದು ಎಡಗೈಯಲ್ಲಿ. ಎತ್ತಿದ ಮೇಲೆ ಬಲಗೈಗೆ ಬದಲಿಸಿದಳು. ನಾನು ನಿತಾಯ್‌ದಾ ಹೇಳಿದ್ದನ್ನು ಹೇಳಿದೆ. ಸೌಟಿನ ಪೆಟ್ಟಿನ ವಿಷಯ, ವಿಡಿಯೋದ ವಿಷಯ, ಎಲ್ಲ ಒಂದೇ ಉಸಿರಿನಲ್ಲಿ.

"ನಿಂಗೆ ಬೇರೆ ಕೆಲಸ ಇಲ್ವಾ?" ಅಂದಳು. "ಯಾರೋ ಬಡಗಿ ಹೇಳಿದ ಅಂತ ನಾನು ಎಡಗೈಯವಳಾದೆನಾ? ನಾನು ಸಿಟ್ಟು ಮಾಡ್ಕೊಂಡದ್ದು ಅದಕ್ಕಲ್ಲ. ನಾಗೇಶ, ಆ ಬೋ ಕಟ್ಟಿದವ ನನ್ನ ಹತ್ರ ಬಗ್ಗಿ, 'ಮ್ಯಾಡಂ, ಔರ್ ಕುಛ್ ಲೇಂಗೀ?' ಅಂದ. ನನ್ನ ತಮ್ಮನ ಮನೆಯಲ್ಲಿ. ಅಪ್ಪನ ಹೋಟೆಲಿನಲ್ಲಿ ಎಷ್ಟು ಸಾವಿರ ಜನಕ್ಕೆ ನಾನು ಆ ಮಾತು ಕೇಳಿದ್ದೇನೆ ಗೊತ್ತುಂಟಾ? ಒಬ್ಬರಾದ್ರೂ ಮನೆಯವರಿದ್ರಾ ಅದರಲ್ಲಿ?"

"ನಾನಿದ್ದೆ" ಅಂದರು ಭಾವ, ಪೇಪರಿನ ಹಿಂದಿನಿಂದ.

"ನೀವು ಸುಮ್ಮನಿರಿ."

ನನ್ನ ಶೋಧನೆ ಹೀಗೆ ಅರ್ಧಕ್ಕೆ ನಿಂತಿತು. ಕೈಯ ಕಾರಣ ನಾನು ಕಂಡುಹಿಡಿದದ್ದು. ಬೋ ಕಟ್ಟಿದವನ ಕಾರಣ ಅವಳು ಹೇಳಿದ್ದು. ಯಾವುದು ನಿಜವೋ, ಎರಡೂ ಹೌದೋ, ನಾನಿನ್ನು ತೀರ್ಮಾನಿಸುವುದಿಲ್ಲ. ನನ್ನ ತೀರ್ಮಾನಗಳು ಚಪ್ಪಾಳೆಗೆ ಲಾಯಕ್ಕು.

"ಚೌತಿಗೆ ಬಾ" ಅಂದೆ.

"ನೋಡುವ."

"ನೋಡುವ ಅಂದ್ರೆ?"

"ನೋಡುವ ಅಂದ್ರೆ ನೋಡುವ. ಮತ್ತೆ ಇದನ್ನು ತಕ್ಕೊಂಡು ಹೋಗು. ನಾವಿಬ್ಬರೇ. ಅಡಿ ಹಿಡಿಯುವಷ್ಟು ದೊಡ್ಡ ಪಾತ್ರೆ ನಮ್ಮಲ್ಲಿ ಎಲ್ಲುಂಟು?"

ಮನೆಗೆ ಬಂದು ಚಮಚವನ್ನು ಗೂಡಿನಲ್ಲಿಡಲಿಲ್ಲ. ಅಡುಗೆಮನೆಯಲ್ಲಿ ಒಂದು ಮೊಳೆ ಹೊಡೆದು ತೂಗುಹಾಕಿದೆ. ಚೌತಿಗೆ ಅಡುಗೆಯವರಿಗೂ ಬಡಿಸುವವರಿಗೂ ರಜೆ ಕೊಟ್ಟೆ ಅಂದಾಗ ಪ್ರಮೀಳಾ ಎಷ್ಟೋ ತಿಂಗಳ ಮೇಲೆ ನಗದೆ ಜಗಳವಾಡಿದಳು. "ಮೂವತ್ತು ಜನಕ್ಕೆ ಯಾರು ಮಾಡುವುದು? ನಿಮ್ಮ ಅಕ್ಕ ಬರ್ತಾರೋ ಇಲ್ವೋ, ನನ್ನ ಸೊಂಟ ಹೋಗುವುದು ಗ್ಯಾರಂಟಿ!" ಕೇಳಲು ಎಷ್ಟು ಹಿತವಾಗಿತ್ತು ಅಂದರೆ ನಾನು ಉತ್ತರ ಕೊಡುವುದನ್ನೇ ಮರೆತೆ.

ಚೌತಿಯ ಬೆಳಗ್ಗೆ ಏಳಕ್ಕೆ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಭಾವ, ತಲೆಯ ಮೇಲೆ ಹಲಸಿನೆಲೆಯ ಚೀಲ. ಹಿಂದೆ ಅಕ್ಕ. ನನ್ನ ಮುಖ ನೋಡಲಿಲ್ಲ. ಸೆರಗು ಸಿಕ್ಕಿಸುತ್ತಾ ನೇರ ಒಳಗೆ ಹೋಗಿ, "ಪ್ರಮೀಳಾ, ಚುಚ್ಚಲಿಕ್ಕೆ ಕಡ್ಡಿ ಉಂಟಾ?" ಅಂದಳು.

ಅನು ಅವಳ ಪಕ್ಕ ಕೂತು ಕೊಟ್ಟೆ ಕಟ್ಟಲು ಹೊರಟಳು. ನಾಲ್ಕು ಸಲ ಬಿಚ್ಚಿಹೋಯಿತು. "ಅತ್ತೇ, ಯೂ ಆರ್ ಡೂಯಿಂಗ್ ಇಟ್ ಉಲ್ಟಾ!"

ಪ್ರಮೀಳಾ ನನ್ನನ್ನು ನೋಡಿದಳು.

"ನಂದು ಸರಿಯಾಗೇ ಉಂಟು" ಅಂದಳು ಅಕ್ಕ, ಎಲೆಯಿಂದ ಕಣ್ಣೆತ್ತದೆ. "ಉಲ್ಟಾ ಇರುವುದು ನೀವೆಲ್ಲ."

ಪೂಜೆಯಾಯಿತು, ಮೂರು ಪಂಕ್ತಿಯಾಯಿತು. ಬಡಿಸಿದ್ದು ಅಕ್ಕ, ಪ್ರಮೀಳಾ, ನಾನು. ನಾಲ್ಕರ ಹೊತ್ತಿಗೆ ಕೊನೆಯವರೂ ತಾಂಬೂಲ ತೆಗೆದುಕೊಂಡು ಹೋದರು. ಭಾವ ಎ.ಸಿ. ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಪ್ರಮೀಳಾ ಸೊಂಟ ಹಿಡಿದುಕೊಂಡು ಮಲಗಿದ್ದಳು. ನಾನು ಹಜಾರದಲ್ಲಿ ಖಾಲಿ ಗೂಡಿನ ಎದುರು ಕೂತಿದ್ದೆ. ಅಡುಗೆಮನೆಯಿಂದ ಆ ಸದ್ದು ಬಂತು, ಹಿತ್ತಾಳೆ ತಳಕ್ಕೆ ತಾಗಿ ಎಳೆಯುವ ಸದ್ದು.

ಮೊದಲಿನ ಹಾಗೆ ಬಾಗಿಲು ಅರ್ಧ ಎಳೆದಿತ್ತು. ತಳ್ಳಿದೆ. ಅಕ್ಕ ನೆಲದ ಮೇಲೆ, ಕಡಲೆಬೇಳೆ ಪಾಯಸದ ದೊಡ್ಡ ಪಾತ್ರೆಯನ್ನು ಕಾಲುಗಳ ನಡುವೆ ಓರೆ ಹಿಡಿದು ಕೂತಿದ್ದಳು. ಚಮಚ ಎಡಗೈಯಲ್ಲಿ. ನನ್ನನ್ನು ಕಂಡು ಕೈ ನಿಂತಿತು. ಈಗ ಬಲಗೈಗೆ ಬದಲಿಸುತ್ತಾಳೆ ಅಂತ ಕಾದೆ.

ಬದಲಿಸಲಿಲ್ಲ.

"ಎಂತ?" ಅಂದಳು.

"ಊಟ ಆಗಿಲ್ಲ."

"ಸುಳ್ಳು ಹೇಳ್ಬೇಡ. ಎರಡನೇ ಪಂಕ್ತಿಯಲ್ಲಿ ಬಡಿಸುತ್ತಾ ಬಡಿಸುತ್ತಾ ಮೂರು ಕಡುಬು ನುಂಗಿದ್ದನ್ನು ಕಂಡಿದ್ದೇನೆ."

"ಅಡಿ ಹಿಡಿದದ್ದು ಉಂಟಾ?"

ಅಕ್ಕ ಒಂದು ಗಳಿಗೆ ನನ್ನನ್ನು ನೋಡಿ, ಕಾಲು ಸರಿಸಿ, ಪಾತ್ರೆಯನ್ನು ನಡುವಿಗೆ ತಳ್ಳಿದಳು. ಚಮಚವನ್ನೂ ಕೊಟ್ಟಳು. ರೇಷ್ಮೆ ಪಂಚೆ ಎತ್ತಿ ಕಟ್ಟಿ ಎದುರಿಗೆ ಕೂತೆ. ಅದೇನು ತೋಚಿತೋ, ಚಮಚವನ್ನು ಎಡಗೈಯಲ್ಲಿ ಹಿಡಿದೆ. ಅಡಿ ಹಿಡಿದ ಪಾಯಸ ಅಂಟಿಕೊಂಡು ಮೇಲೇಳಲಿಲ್ಲ. ಜೋರು ಹಾಕಿದೆ. ಎದ್ದದ್ದು ಹಾರಿ ಪಂಚೆಯ ಮೇಲೆ ಬಿತ್ತು.

ಅಕ್ಕ ನಕ್ಕಳು. ವಿಡಿಯೋದಲ್ಲಿ ಇಲ್ಲದ ನಗು, ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ.

"ದುಡ್ಡಿದ್ದವರಿಗೆ ಎಲ್ಲ ಕೈಯೂ ಬರ್ತದೆ ಅಂತ ತಿಳ್ಕೊಂಡಿದ್ದೀಯಾ ಮಾರಾಯ?" ಅಂದು, ಎಡಗೈ ಚಾಚಿದಳು. "ಇತ್ತ ಕೊಡು ನಾಗು."